ದೋಟಿ ಗರಗಸವೂ ಮೂವತ್ತಡಿ ರಸ್ತೆಯೂ

ಮುಂಗಾರು ಹತ್ತಿರ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಮರ ಸವರುವ ಕೆಲಸ ಮೊದಲಾಗುತ್ತದೆ. ಹಿಂದೆ ಈ ಕೆಲಸಕ್ಕೆ ಒಂದು ಮಚ್ಚು, ಒಂದು ಹಗ್ಗ, ಮರ ಹತ್ತಬಲ್ಲ ಒಂದು ಆಳು ಇದ್ದರೆ ಆಗುತ್ತಿತ್ತು. ಆಮೇಲೆ ಪೆಟ್ರೋಲ್ ಗರಗಸ ಬಂದಿತು. ಅದರ ಆರ್ಭಟ ಮೂರು ಬೀದಿಗೆ ಕೇಳಿಸುತ್ತಿತ್ತು. ಈಚಿನ ಕೆಲವು ವರ್ಷಗಳಿಂದ ಕೇಳಿಸುತ್ತಿರುವುದು ಬೇರೆಯೇ ಒಂದು ಸದ್ದು. ಹೊಲಿಗೆ ಯಂತ್ರದಂತೆ ಗುಂಯ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುಂಯ್ ಎನ್ನುತ್ತದೆ. ತಲೆಯೆತ್ತಿ ನೋಡಿದರೆ ಎಂಟು ಹತ್ತು ಅಡಿಯ ಕೋಲಿನ ತುದಿಯಲ್ಲಿ ಗೇಣುದ್ದದ ಗರಗಸ; ಕೆಳಗೆ ರಬ್ಬರ್ ಚಪ್ಪಲಿ ಮೆಟ್ಟಿ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಅರೆತೆರೆದು ನಿಂತ ಒಬ್ಬ ಹುಡುಗ.

ಅಂಗಡಿಯವರು ಇದನ್ನು ‘ಪೋಲ್ ಸಾ’ ಎನ್ನುತ್ತಾರೆ. ನಮಗೆ ಆ ಹೆಸರಿನ ಅಗತ್ಯ ಕಾಣುವುದಿಲ್ಲ. ನುಗ್ಗೆಕಾಯಿ, ಮಾವಿನಕಾಯಿ ಕೀಳಲು ಬಿದಿರ ತುದಿಗೆ ಕುಡುಗೋಲು ಕಟ್ಟಿದ ದೋಟಿ ನಮ್ಮ ಹಿತ್ತಿಲುಗಳಲ್ಲಿ ಎಂದಿನಿಂದಲೂ ಇದೆ. ಇದೂ ದೋಟಿಯೇ, ಕುಡುಗೋಲಿನ ಜಾಗದಲ್ಲಿ ಹಲ್ಲಿನ ಸರಪಳಿ ಸುತ್ತುತ್ತದೆ, ಬುಡದಲ್ಲಿ ಬ್ಯಾಟರಿ ಕೂತಿರುತ್ತದೆ. ದೋಟಿ ಗರಗಸವೆಂದರೆ ಸಾಕು.

ಬೆಂಗಳೂರಿನ ಮರ ಸವರುವ ಮಾತು ನಮ್ಮ ಜಿಲ್ಲೆಯ ಪತ್ರಿಕೆಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ವಾಚಕರ ಮನೆಗಳಿಂದ ಎಷ್ಟು ಮಂದಿ ಮಾಗಡಿ ರಸ್ತೆಯ, ಕಾಮಾಕ್ಷಿಪಾಳ್ಯದ, ರಾಜಾಜಿನಗರದ ಲೇತು ಅಂಗಡಿಗಳಿಗೆ ದುಡಿಯಲು ಹೋಗಿದ್ದಾರೆಂಬುದು ನಮಗೆ ಗೊತ್ತು. ಆರ್ಡರು ಕಡಿಮೆಯಾದ ತಿಂಗಳಲ್ಲಿ ಅವರಲ್ಲಿ ಕೆಲವರು ಈ ಗರಗಸವನ್ನು ದಿನಬಾಡಿಗೆಗೆ ಹಿಡಿದು ಬೀದಿಗಿಳಿಯುತ್ತಾರೆ. ಅದನ್ನು ಬಾಡಿಗೆಗೆ ಕೊಡುವವರೂ, ಬೋರ್ಡಿಗೆ ಅಡ್ಡ ಬಂದ ಕೊಂಬೆ ಕಡಿಸುವವರೂ ನಮ್ಮ ಇನ್ನೊಂದು ಪಂಗಡದ ವಾಚಕರಾದ ಸಣ್ಣ ವರ್ತಕರಂಥವರೇ. ಕೋಲಿನ ಎರಡು ತುದಿಯನ್ನೂ ನಮ್ಮವರೇ ಹಿಡಿದಿರುವಾಗ ನಾವು ಸುಮ್ಮನಿರುವುದು ಹೇಗೆ?

ಯಂತ್ರವನ್ನು ಕಂಡರೆ ಮುನಿಯುವ ಜನ ನಾವಲ್ಲ. ಈ ಯಂತ್ರ ಒಳ್ಳೆಯದು. ಮನುಷ್ಯನನ್ನು ಮರದಿಂದ ಕೆಳಗಿಳಿಸಿ ನೆಲದ ಮೇಲೆ ನಿಲ್ಲಿಸಿದೆ. ಗುಲ್‌ಮೊಹರ್ ಮರ ನೋಡಲು ಚಂದ, ಆದರೆ ಅದರ ಕೊಂಬೆ ಪೆಡಸು. ಹತ್ತಿದವನ ಕಾಲಡಿ ಹೇಳದೆ ಕೇಳದೆ ಮುರಿಯುತ್ತದೆ. ನುಗ್ಗೆಯ ಮಾತಂತೂ ಬೇಡವೇ ಬೇಡ. ಆಂಡ್ರಿಯಾಸ್ ಸ್ಟೀಲ್ ಎಂಬ ಜರ್ಮನ್ ಎಂಜಿನಿಯರ್ 1926ರಲ್ಲಿ ಮಾಡಿದ ವಿದ್ಯುತ್ ಸರಪಳಿ ಗರಗಸವನ್ನು ಹೊರಲು ಇಬ್ಬರು ಬೇಕಿತ್ತು. ಇವತ್ತಿನ ದೋಟಿ ಗರಗಸ ನಾಲ್ಕೈದು ಕಿಲೋಗ್ರಾಂ ತೂಗುತ್ತದೆ. ಅದರ ಹಲ್ಲಿಗೂ ಒಂದು ಕಥೆಯಿದೆ. ಅಮೆರಿಕದ ಆರೆಗನ್ನಿನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ 1946ರಲ್ಲಿ ಬೊಡ್ಡೆಯೊಳಗಿನ ಹುಳುವೊಂದು ಎಡಕ್ಕೂ ಬಲಕ್ಕೂ ದವಡೆಯಾಡಿಸಿ ಮರ ಕೊರೆಯುವುದನ್ನು ಕಂಡು ಸರಪಳಿಗೆ ಅಂಥದೇ ಹಲ್ಲು ಮಾಡಿದ. ನಮ್ಮ ಕಾಂಡಕೊರಕ ಹುಳುವಿನ ಅಣ್ಣತಮ್ಮನೇ ಇರಬೇಕು. ಎಂಜಿನಿಯರುಗಳ ಕಣ್ಣಿಗೆ ಬೀಳದ್ದು ದುಡಿಯುವವನ ಕಣ್ಣಿಗೆ ಬಿದ್ದಿತು.

ಕೊಂಬೆ ಕಡಿಯುವುದೇ ಬೇಡವೆನ್ನುವಂತೆಯೂ ಇಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು ಮರಗಳು ರಾಶಿ ರಾಶಿಯಾಗಿ ಉರುಳಿದುವು. 2025ರ ಜೂನಿನಲ್ಲಿ ದಕ್ಷಿಣ ಬೆಂಗಳೂರಿನ ರಸ್ತೆಯಲ್ಲಿ ದ್ವಿಚಕ್ರ ವಾಹನದ ಮೇಲೆ ಹೋಗುತ್ತಿದ್ದ ಯುವಕನೊಬ್ಬನ ತಲೆಯ ಮೇಲೆ ಕೊಂಬೆ ಬಿದ್ದು, ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ಆತ ತೀರಿಕೊಂಡ. ಒಣಕೊಂಬೆಯನ್ನು ಕಾಲಕ್ಕೆ ಸರಿಯಾಗಿ ತೆಗೆಯಲೇಬೇಕು. ಯಾರು, ಹೇಗೆ, ಯಾರ ಜವಾಬ್ದಾರಿಯ ಮೇಲೆ ಎಂಬುದೇ ಪ್ರಶ್ನೆ.

ಯಂತ್ರದೊಡನೆ ಬರುವ ಕೈಪಿಡಿಯನ್ನು ಓದಿದವರು ಎಷ್ಟು ಮಂದಿ? ನಾವು ತರಿಸಿ ನೋಡಿದ ಕೈಪಿಡಿಯಲ್ಲಿ ಹಲವು ಭಾಷೆಗಳಿದ್ದುವು, ಕನ್ನಡ ಇರಲಿಲ್ಲ. ಇಂಗ್ಲಿಷಿನಲ್ಲಿ ಓದಿದೆವು. ಇಂಥ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದೇನೆಂದರೆ, ಗರಗಸ ನಡೆಯುವಾಗ ಬೇರೆ ಯಾರೂ 15 ಮೀಟರಿನೊಳಗೆ ಇರಬಾರದು. ವಿದ್ಯುತ್ ತಂತಿಯಿಂದಲೂ ಹತ್ತು ಹದಿನೈದು ಮೀಟರ್ ದೂರವಿರಬೇಕು. 15 ಮೀಟರ್ ಎಂದರೆ 50 ಅಡಿ. ಬೆಂಗಳೂರಿನ ನಿವೇಶನ ಎಷ್ಟು? ಮೂವತ್ತು ನಲವತ್ತು. ಅದರ ಮುಂದಿನ ರಸ್ತೆ ಮೂವತ್ತಡಿ, ಎಷ್ಟೋ ಕಡೆ ಇಪ್ಪತ್ತು. ಗೇಟಿನ ಮುಂದಿನ ಮರದ ಕೊಂಬೆ ಕಡಿಯುವವನ ಸುತ್ತ 50 ಅಡಿಯ ಗೆರೆ ಎಳೆದರೆ ಅದರೊಳಗೆ ಎದುರು ಮನೆ ಬರುತ್ತದೆ, ಅಕ್ಕಪಕ್ಕದ ಮನೆ ಬರುತ್ತದೆ, ಸೊಪ್ಪಿನ ಗಾಡಿ, ಶಾಲೆಯ ಆಟೋ, ಇಸ್ತ್ರಿಯವನ ಮೇಜು, ತಂತಿಯ ಕಂಬ ಎಲ್ಲವೂ ಬರುತ್ತವೆ. ಕೈಪಿಡಿ ಬರೆದವನ ಕಣ್ಣ ಮುಂದೆ ಇದ್ದದ್ದು ಯೂರೋಪಿನ ತೋಟವಾಗಿರಬೇಕು.

ನಮ್ಮ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅಪಘಾತವಾದಾಗ ‘ಹುಡುಗ ಎಚ್ಚರ ತಪ್ಪಿದ’ ಎನ್ನುವುದು ರೂಢಿ. ಮೂವತ್ತಡಿ ರಸ್ತೆಯಲ್ಲಿ ಹುಡುಗ ಎಷ್ಟೇ ಎಚ್ಚರದಿಂದಿದ್ದರೂ ತಾನೊಬ್ಬನೇ 50 ಅಡಿ ಖಾಲಿ ಮಾಡಿಸಲಾರ. ರಸ್ತೆಯ ಎರಡು ಕೊನೆಗೂ ಹಗ್ಗ ಕಟ್ಟಬೇಕು. ಒಬ್ಬ ಕಾವಲು ನಿಲ್ಲಬೇಕು. ತಂತಿ ಹತ್ತಿರವಿದ್ದರೆ ಕರೆಂಟು ನಿಲ್ಲಬೇಕು. ಇವೆಲ್ಲ ಕಡಿಸುವವನ ಕೆಲಸ, ಬೀದಿಯವರ ಕೆಲಸ, ವಿದ್ಯುತ್ ಕಂಪನಿಯ ಕೆಲಸ. ಇಷ್ಟಾದ ಮೇಲೆ ಉಳಿಯುವ ಎಚ್ಚರ ಮಾತ್ರ ಹುಡುಗನದು.

ತಂತಿಯ ಮಾತನ್ನು ಮೊದಲು ಹೇಳಿಬಿಡೋಣ. ದೋಟಿಯ ಕೋಲು ಅಲ್ಯೂಮಿನಿಯಮಿನದಿರಬಹುದು, ಫೈಬರ್‌ಗ್ಲಾಸಿನದಿರಬಹುದು. ಯಾವುದನ್ನೂ ಕರೆಂಟು ತಡೆಯುತ್ತದೆಂದು ನಂಬಕೂಡದು. ‘ಬ್ಯಾಟರಿಯದು ತಾನೆ, ಶಾಕ್ ಹೊಡೆಯುವುದಿಲ್ಲ’ ಎಂದು ಒಬ್ಬರು ನಮ್ಮೊಡನೆ ವಾದಿಸಿದರು. ಬ್ಯಾಟರಿ 18 ವೋಲ್ಟೋ 36 ವೋಲ್ಟೋ ಇರುತ್ತದೆ, ನಿಜ. ಮೇಲೆ ಕೋಲಿನ ತುದಿ ಮುಟ್ಟುವುದು ಮನೆಗಳಿಗೆ ಹೋಗುವ 230 ವೋಲ್ಟಿನ ತಂತಿಯನ್ನು, ಇಲ್ಲವೆ ಅದಕ್ಕೂ ಮೇಲೆ ಹಾಯುವ 11,000 ವೋಲ್ಟಿನ ತಂತಿಯನ್ನು. 11,000 ವೋಲ್ಟು ಮುಟ್ಟುವ ತನಕ ಕಾಯುವುದೂ ಇಲ್ಲ, ತೀರ ಹತ್ತಿರ ಬಂದರೆ ತಾನೇ ನೆಗೆಯುತ್ತದೆ. ಹಸಿ ಕೊಂಬೆಯೊಳಗಿಂದಲೂ ಹರಿದು ಬರುತ್ತದೆ. ಆದುದರಿಂದ ತಂತಿಗೆ ತಾಗಿದ ಕೊಂಬೆ, ಬೀಳುವಾಗ ತಂತಿಗೆ ತಾಗಬಹುದಾದ ಕೊಂಬೆ ಇವೆರಡೂ ದೋಟಿ ಗರಗಸದ ಕೆಲಸವೇ ಅಲ್ಲ. 1912ಕ್ಕೆ ದೂರವಾಣಿ ಮಾಡಿ ಬೆಸ್ಕಾಂನವರನ್ನು ಕರೆಸಬೇಕು. ಲೈನ್ ಕ್ಲಿಯರ್ ಆದ ಮೇಲೆಯೇ ಆ ಕೊಂಬೆಗೆ ಕೈ ಹಾಕಬೇಕು. ಕೊಂಬೆಯೊಡನೆ ತಂತಿ ತುಂಡಾಗಿ ಬಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಡುವ ಉಪಕಾರ ಯಾರೂ ಮಾಡಬಾರದು. 2023ರ ನವೆಂಬರಿನಲ್ಲಿ ಕಾಡುಗೋಡಿಯ ಕಾಲುದಾರಿಯಲ್ಲಿ ಬಿದ್ದಿದ್ದ ತಂತಿಯನ್ನು ತುಳಿದು ತಾಯಿಯೊಬ್ಬಳೂ ಅವಳ ಕಂಕುಳ ಕೂಸೂ ಸತ್ತದ್ದನ್ನು ಬೆಂಗಳೂರು ಮರೆತಿರಲಾರದು.

ಈಗ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಬಸವೇಶ್ವರನಗರದ ಒಂದು ಅಡ್ಡರಸ್ತೆ. ಅಂಗಡಿಯೊಂದರ ಬೋರ್ಡಿಗೆ ಗುಲ್‌ಮೊಹರಿನ ಕೊಂಬೆ ಅಡ್ಡ. ಕೋಲನ್ನು ಪೂರ್ತಿ ಎಳೆದರೂ ಎರಡಡಿ ಸಾಲದು. ಸರಕಿನ ಆಟೋ ತಂದು ನಿಲ್ಲಿಸಿದರು, ಹುಡುಗ ಅದರ ಹಿಂಬದಿ ಹತ್ತಿದ. ಕೊಂಬೆ ಪೂರ್ತಿ ಕಡಿಯುವ ಮೊದಲೇ ಸಿಗಿದು, ತೊಗಟೆಗೆ ಜೋತು, ಕೋಲಿನ ಗುಂಟ ಜಾರಿ ಬಂತು. ಹುಡುಗ ಗರಗಸ ಬಿಟ್ಟು ಹಾರಿದ; ಮಣಿಕಟ್ಟು ಉಳುಕಿತು, ಅಷ್ಟರಲ್ಲೇ ಹೋಯಿತು. ಕೊಂಬೆ ಟೆಲಿವಿಷನ್ ಕೇಬಲ್ಲನ್ನು ಹರಿದುಕೊಂಡು ರಸ್ತೆಗೆ ಬಿತ್ತು. ಸಂಜೆ ಲೆಕ್ಕ ಮಾಡುವಾಗ ಕೇಬಲ್ಲಿನ ದುಡ್ಡನ್ನೂ, ಬಾಗಿಹೋದ ಗರಗಸದ ಪಟ್ಟಿಯ ದುಡ್ಡನ್ನೂ ಹುಡುಗನ ಕೂಲಿಯಲ್ಲಿ ಮುರಿದುಕೊಂಡರು. ಅವನ ಕೈಗೆ ಬಂದದ್ದು ಬಸ್ ಚಾರ್ಜು. ಆಟೋ ತಂದವರು ಯಾರು, ಹತ್ತು ಎಂದವರು ಯಾರು ಎಂದು ನಾವು ಕೇಳಿದೆವು. ‘ನೀವು ಪತ್ರಿಕೆಯವರು, ನಿಮಗೆ ಈ ಕೆಲಸ ಏನು ಗೊತ್ತು’ ಎಂಬ ಉತ್ತರ ಬಂತು.

ಗೊತ್ತಿರಲಿಲ್ಲ, ಆಮೇಲೆ ಬಲ್ಲವರಿಂದ ಕೇಳಿ ತಿಳಿದುಕೊಂಡೆವು. ವಿದ್ಯೆ ಕಷ್ಟದ್ದಲ್ಲ. ಎರಡೂ ಕಾಲು ನೆಲದ ಮೇಲಿರಬೇಕು. ಏಣಿ, ಕಾಂಪೌಂಡು ಗೋಡೆ, ತಾರಸಿಯ ಅಂಚು, ಆಟೋ ಇವು ಯಾವುವೂ ನೆಲವಲ್ಲ. ಎಟುಕದ ಕೊಂಬೆಯನ್ನು ಬಿಟ್ಟುಬಿಡಬೇಕು, ಇಲ್ಲವೆ ತೊಟ್ಟಿಲು ಲಾರಿ ಇರುವವರನ್ನು ಕರೆಯಬೇಕು. ಕೋಲನ್ನು ನೆಟ್ಟಗೆ ಮೇಲಕ್ಕೆ ಹಿಡಿಯದೆ, ನೆಲಕ್ಕೆ 60 ಡಿಗ್ರಿ ಮೀರದಂತೆ ಓರೆಯಾಗಿ ಹಿಡಿದರೆ ಕೊಂಬೆಯ ನೇರ ಕೆಳಗೆ ನಿಲ್ಲುವ ಪ್ರಸಂಗವೇ ಬರುವುದಿಲ್ಲ. ಉದ್ದ ಕೊಂಬೆಯನ್ನು ಒಂದೇ ಸಲಕ್ಕೆ ಬುಡದಲ್ಲಿ ಕಡಿಯದೆ ತುದಿಯಿಂದ ತುಂಡು ತುಂಡಾಗಿ ತೆಗೆಯಬೇಕು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗಾಯ ಮಾಡಿ, ಅದಕ್ಕಿಂತ ತುಸು ಆಚೆ ಮೇಲಿನಿಂದ ಕಡಿದರೆ ಸಿಗಿಯುವುದಿಲ್ಲ. ಉಳಿದ ಮೋಟನ್ನು ಕಾಂಡ ಸೇರುವ ಕೊರಳಿನ ಬಳಿ ತೆಗೆದರೆ ಮರದ ಗಾಯವೂ ಚೆನ್ನಾಗಿ ಮಾಯುತ್ತದೆ. ಬಸವೇಶ್ವರನಗರದ ಹುಡುಗನಿಗೆ ಈ ಕೆಳಗಾಯದ ಮಾತನ್ನು ಯಾರೂ ಹೇಳಿರಲಿಲ್ಲ. ಪಟ್ಟಿಯ ಮೂತಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದರೆ ಗರಗಸ ಹಿಂದಕ್ಕೆ ಒದೆಯುತ್ತದೆ. ಬಿದ್ದ ಕೊಂಬೆ ಬಿದ್ದಲ್ಲೇ ಇರುವುದಿಲ್ಲ, ನೆಲಕ್ಕೆ ಬಡಿದು ಪುಟಿಯುತ್ತದೆ. ಹಿಂದಕ್ಕೆ ಸರಿಯುವ ದಾರಿಯನ್ನು ಗುಂಡಿ ಒತ್ತುವ ಮೊದಲೇ ನೋಡಿಟ್ಟುಕೊಳ್ಳಬೇಕು. ತೆಂಗಿನ ಒಣಗರಿ ಇನ್ನೂ ಮೋಸ. ಆಳೆತ್ತರದ ಎರಡು ಮೂರರಷ್ಟು ಉದ್ದವಿದ್ದು, ಬರುವಾಗ ಒಂದೆರಡು ಕಾಯನ್ನೂ ಜೊತೆಗೆ ತರುತ್ತದೆ.

ತಲೆಗೆ ಐಎಸ್ 2925 ಗುರುತಿನ ಕಾರ್ಖಾನೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಕಾಲಿಗೆ ಗಟ್ಟಿ ಬೂಟು. ಮೇಲೆ ನೋಡುತ್ತ ಮಾಡುವ ಕೆಲಸವಾದ್ದರಿಂದ ಹೊಟ್ಟು ನೇರವಾಗಿ ಕಣ್ಣಿಗೇ ಸುರಿಯುತ್ತದೆ. ಕೊರಳಿಗೆ ಸುತ್ತಿದ ಟವೆಲ್ಲು ಬೇಡ. ಗಾಳಿ ಮಳೆಯಲ್ಲಿ ಕೆಲಸ ಬೇಡ; ಏಪ್ರಿಲ್ ಮೇ ತಿಂಗಳಲ್ಲಿ ಮೋಡ ಕಟ್ಟುವುದು ಮಧ್ಯಾಹ್ನದ ಮೇಲಾದುದರಿಂದ ಬೆಳಿಗ್ಗೆಯೇ ಮುಗಿಸಬೇಕು. ಇನ್ನು ದಣಿವು. ತೂಕವೆಲ್ಲ ಕೋಲಿನ ತುದಿಯಲ್ಲಿರುವುದರಿಂದ ಹತ್ತು ನಿಮಿಷದಲ್ಲಿ ತೋಳು ನಡುಗುತ್ತದೆ, ಕತ್ತು ಮರಗಟ್ಟುತ್ತದೆ. ಆಗಾಗ ಇಳಿಸಿ ಕೂರಬೇಕು. ಮರಕ್ಕಿಷ್ಟು ಎಂದು ಗುತ್ತಿಗೆ ಮಾತಾಡಿ, ಗರಗಸದ ಬಾಡಿಗೆಯನ್ನೂ ಅವನ ತಲೆಗೇ ಕಟ್ಟಿದರೆ ಯಾವ ಹುಡುಗ ಕೂರುತ್ತಾನೆ? ತುಂಡು ಕೂಲಿಯ ಅವಸರ ಏನೆಂಬುದನ್ನು ಗಿರಣಿಯ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ.

ಗಿರಣಿಯವರಿಗೆ ಬೇಗ ತಿಳಿಯುವ ಇನ್ನೊಂದು ಸಂಗತಿಯಿದೆ. ಬಿನ್ನಿ, ಮಿನರ್ವ ಗಿರಣಿಗಳು ಮುಚ್ಚಿಹೋದುವು. ಆದರೆ ಗಿರಣಿ ಕೆಲಸ ಕಲಿತ ಹಳಬರನ್ನು ಕೇಳಿ ನೋಡಿ. ಬೆಲ್ಟು ಓಡುತ್ತಿದ್ದ ಕಾಲದಲ್ಲಿ ಯಂತ್ರಕ್ಕೆ ಕೈ ಹಾಕುವ ಮುನ್ನ ಬೆಲ್ಟನ್ನು ಸಡಿಲ ರಾಟೆಗೆ ಸರಿಸುವುದು ಮೊದಲ ಪಾಠ. ದೋಟಿ ಗರಗಸದಲ್ಲಿ ಬ್ಯಾಟರಿಯನ್ನು ಕಿತ್ತು ಪಕ್ಕಕ್ಕಿಡುವುದೇ ಆ ಪಾಠ. ಸರಪಳಿ ಬಿಗಿ ಮಾಡುವಾಗ, ಸಿಕ್ಕಿಕೊಂಡ ಕಡ್ಡಿ ತೆಗೆಯುವಾಗ, ಹಲ್ಲಿಗೆ ಅರ ಹಾಕುವಾಗ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಒಯ್ಯುವಾಗ ಬ್ಯಾಟರಿ ಹೊರಗಿರಬೇಕು. ಪೆಟ್ರೋಲ್ ಗರಗಸ ಓಡುತ್ತಿದೆಯೋ ನಿಂತಿದೆಯೋ ಕಿವಿಗೇ ತಿಳಿಯುತ್ತದೆ. ಇದು ಮೌನವಾಗಿ ಕೂತಿರುತ್ತದೆ. ಗುಂಡಿಗೆ ಬೆರಳು ತಾಗಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ಣ ವೇಗ.

ಕೆಲಸ ಮುಗಿದ ಮೇಲಿನ ಮಾತು ಅಂಗಡಿಯವರಿಗೆ. ಸರಪಳಿಯ ಹೊಟ್ಟು, ಅಂಟು ಒರೆಸಿ, ಪಟ್ಟಿಗೆ ಒರೆ ಹಾಕಬೇಕು. ಬಹಳ ದಿನ ಇಡುವುದಾದರೆ ಎಣ್ಣೆಯ ತೊಟ್ಟಿಯನ್ನು ಖಾಲಿ ಮಾಡಬೇಕು, ಇಲ್ಲದಿದ್ದರೆ ಜಿನುಗಿ ನೆಲ ಜಾರುತ್ತದೆ. ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆ ಸುರಿಯುವ ಚಾಳಿ ಬಿಡಬೇಕು. ಅದು ಸರಪಳಿಗೂ ಕೆಟ್ಟದ್ದು, ಮೈಗೆ ಸಿಡಿದರೆ ಚರ್ಮಕ್ಕೂ ಕೆಟ್ಟದ್ದು. ಮೂಲೆಯಲ್ಲಿ ನಿಲ್ಲಿಸಿದ ಕೋಲು ಒಂದಲ್ಲ ಒಂದು ದಿನ ಯಾರದೋ ಮೇಲೆ ಬೀಳುತ್ತದೆ. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಎರಡು ಗೂಟ ಹೊಡೆದು ಅಡ್ಡಲಾಗಿ ಮಲಗಿಸಿದರೆ ಮುಗಿಯಿತು.

ಬ್ಯಾಟರಿಯ ವಿಷಯ ಅಷ್ಟು ಸುಲಭವಲ್ಲ. ಇದು ಲಿಥಿಯಂ ಬ್ಯಾಟರಿ. ನಮ್ಮ ಲಾರಿಯ ಸೀಸದ ಬ್ಯಾಟರಿಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಕಾಮಾಕ್ಷಿಪಾಳ್ಯದ ತಗಡಿನ ಷೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆಂಬುದು ಅಲ್ಲಿ ದುಡಿದವರಿಗೆ ಗೊತ್ತು. ಆ ಬೇಗೆಯಲ್ಲಿ ತಗಡಿಗೆ ಒತ್ತಿಕೊಂಡ ಹಲಗೆಯ ಮೇಲೆ, ಥಿನ್ನರ್ ಡಬ್ಬದ ಪಕ್ಕದಲ್ಲಿ, ಚಾರ್ಜರಿಗೆ ಚುಚ್ಚಿಟ್ಟ ಬ್ಯಾಟರಿಯನ್ನು ನಾವು ನೋಡಿದ್ದೇವೆ. ಬಿಸಿಯಾದ ಬ್ಯಾಟರಿಯನ್ನು ಆರಿಸಿದ ಮೇಲೆ ಚಾರ್ಜು ಮಾಡಬೇಕು. 40 ಡಿಗ್ರಿ ಮೀರಿದ ಸೆಕೆಯಲ್ಲಿ ಮಾಡಲೇಬಾರದು. ಅದರದೇ ಚಾರ್ಜರನ್ನು ಬಳಸಬೇಕು. ಬದಲಿ ಬ್ಯಾಟರಿ ಕೊಳ್ಳುವಾಗ ಅಗ್ಗವೆಂದು ಕೊಳ್ಳದೆ ಐಎಸ್ 16046 ಗುರುತು ನೋಡಬೇಕು. ಬಿಚ್ಚಿಟ್ಟ ಬ್ಯಾಟರಿಯ ಬಾಯಿಗೆ ಮೊಳೆ, ಚಿಲ್ಲರೆ ಕಾಸು ತಾಗಿದರೆ ಕಿಡಿ ಹಾರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಗೆ ಬರವೆ? ಮಳೆಗಾಲವೆಲ್ಲ ಇಡುವುದಾದರೆ ಪೂರ್ತಿ ತುಂಬಿಸಿಯೂ ಅಲ್ಲ, ಪೂರ್ತಿ ಬರಿದಾಗಿಸಿಯೂ ಅಲ್ಲ, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ರಾತ್ರಿ. ಬಾಡಿಗೆ ತಂದ ಹುಡುಗರು ನಾಲ್ವರು ಸೇರಿ ಇರುವುದು ಒಂದೇ ಬಾಗಿಲಿನ ಒಂದು ಕೋಣೆಯಲ್ಲಿ. ಪ್ಲಗ್ ಪಾಯಿಂಟು ಇರುವುದು ಬಾಗಿಲ ಬಳಿ. ಬೆಳಗಿನ ಕೆಲಸಕ್ಕೆಂದು ಚಾರ್ಜಿಗಿಟ್ಟು ಮಲಗುತ್ತಾರೆ. ಕೆಟ್ಟ ಬ್ಯಾಟರಿ ಹೊತ್ತಿಕೊಂಡರೆ ಬೆಂಕಿ ಇರುವುದು ದಾರಿಯಲ್ಲೇ. ಅದರ ಹೊಗೆಯೂ ವಿಷ. ಎಚ್ಚರವಿರುವಾಗಲೇ ಚಾರ್ಜು ಮಾಡಿ ಪ್ಲಗ್ ಕಿತ್ತು ಮಲಗಬೇಕು, ಹಾಸಿಗೆ ಕಾಗದಗಳಿಂದ ದೂರ, ಬರಿಯ ಸಿಮೆಂಟು ನೆಲದ ಮೇಲೆ. ಹೊಗೆ ಕಂಡರೆ ಬ್ಯಾಟರಿ ಉಳಿಸುವ ಯೋಚನೆ ಬಿಟ್ಟು ಮೊದಲು ಎಲ್ಲರೂ ಹೊರಗೆ ಬಂದು 101ಕ್ಕೆ ಕರೆ ಮಾಡಬೇಕು. ಉಬ್ಬಿದ್ದು, ಎತ್ತರದಿಂದ ಬಿದ್ದು ಬಿರಿದದ್ದು, ನೀರಿನಲ್ಲಿ ನೆನೆದದ್ದು ಮತ್ತೆ ಚಾರ್ಜಿಗೆ ಬರಬಾರದು. ಅದನ್ನು ಗುಜರಿಗೆ ಹಾಕಿದರೆ ಅಲ್ಲಿ ಇನ್ನೊಬ್ಬ ಬಡವ ಸುತ್ತಿಗೆಯಲ್ಲಿ ಒಡೆಯುತ್ತಾನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಸೇರಿಸಿಕೊಳ್ಳುವ ಹೊಣೆ ತಯಾರಕರದು. ಮಾರಿದ ಅಂಗಡಿಗೇ ಒಯ್ದು ಕೇಳಿ.

ಕಾಯಿದೆಯ ಮಾತು ಎರಡಿದೆ. ರಸ್ತೆಯ ಮರ ಅಂಗಡಿಯವರದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆ ಐದಾಗಿ ಒಡೆದ ಮೇಲೆಯೂ ಆ ಕಾಯಿದೆ ಹಾಗೆಯೇ ಇದೆ. ಅನುಮತಿಯಿಲ್ಲದೆ ಕಡಿಸಿದರೆ ಸಿಕ್ಕಿಬೀಳುವವನು ಕೋಲು ಹಿಡಿದವನೇ ಹೊರತು ಗಲ್ಲಾದ ಮೇಲೆ ಕೂತವರಲ್ಲ. ಎರಡನೆಯದು ಪರಿಹಾರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸುರಕ್ಷತೆಯ ಸಂಹಿತೆ ಬಹುಮಟ್ಟಿಗೆ ಹತ್ತು ಮಂದಿ ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ ಮಾತ್ರ. ಮೂರಾಳಿನ ಮರ ಕಡಿಯುವ ತಂಡ ಅದರ ಕಣ್ಣಿಗೇ ಬೀಳುವುದಿಲ್ಲ. ಪರಿಹಾರದ ಸಂಗತಿ ಬೇರೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಮರ ಕಡಿಯುವವರ ಹೆಸರು ಇತ್ತು. ಆ ಕಾಯಿದೆ ಈಗ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿಹೋಗಿದ್ದರೂ ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರವೆಂಬುದು ಉಳಿದಿದೆ. ಆದರೆ ಕೆಲಸಕ್ಕೆ ಕರೆದದ್ದೇ ಇಲ್ಲವೆಂದು ಯಜಮಾನ ಹೇಳಿಬಿಟ್ಟರೆ? ಒಂದು ಚೀಟಿಯಲ್ಲಿ ತಾರೀಖು, ಜಾಗ, ಕೂಲಿ, ಕರೆದವರ ಹೆಸರು ಬರೆಸಿಕೊಂಡೇ ಕೋಲು ಎತ್ತಬೇಕು. ಮೊಬೈಲಿನಲ್ಲಿ ಬಂದ ಒಂದು ಸಂದೇಶವಾದರೂ ಇರಲಿ.

ಕೆಂಗೇರಿಯ ಕಡೆ ಬಾಡಿಗೆ ಅಂಗಡಿಯೊಂದನ್ನು ನೋಡಿದೆವು. ಅಲ್ಲಿ ಗರಗಸದೊಡನೆ ಎರಡು ಹೆಲ್ಮೆಟ್ಟು, ಕನ್ನಡಕ, ರಸ್ತೆಗೆ ಕಟ್ಟಲು ಕೆಂಪು ಬಟ್ಟೆ ಕಟ್ಟಿದ ಹಗ್ಗ ಇವನ್ನೂ ಕೊಡುತ್ತಾರೆ. ಒಬ್ಬನೇ ಬಂದರೆ ಗರಗಸ ಕೊಡುವುದಿಲ್ಲ, ಇನ್ನೊಬ್ಬನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಬ್ಯಾಟರಿಗಳನ್ನು ಚಾರ್ಜು ಮಾಡಿ ಕೊಟ್ಟು ಸಂಜೆ ವಾಪಸು ಪಡೆಯುತ್ತಾರೆ. ಹುಡುಗರ ಕೋಣೆಗೆ ಚಾರ್ಜರು ಹೋಗುವುದೇ ಇಲ್ಲ. ಅವರ ಬಾಡಿಗೆ ದಿನಕ್ಕೆ ಐವತ್ತು ರೂಪಾಯಿ ಹೆಚ್ಚು. ಆ ಐವತ್ತು ರೂಪಾಯಿಗಾಗಿ ಗಿರಾಕಿಗಳು ಮುಂದಿನ ಅಂಗಡಿಗೆ ಹೋಗುತ್ತಿದ್ದಾರೆಂದು ಅವರು ಹೇಳಿದರು, ದೂರುವ ದನಿಯಲ್ಲೇನೂ ಅಲ್ಲ. ಒಬ್ಬ ವರ್ತಕ ಒಳ್ಳೆಯತನಕ್ಕೆ ನಷ್ಟ ತೆರುತ್ತಿರುವಾಗ ಉಳಿದವರು ಅದರಲ್ಲಿ ಲಾಭ ನೋಡುವುದು ಬಹಳ ಕಾಲ ನಡೆಯುವ ಮಾತಲ್ಲ. ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗಿನ ಬಾಡಿಗೆ ಅಂಗಡಿಗಳವರು ಒಂದು ಭಾನುವಾರ ಕೂತು, ಹೆಲ್ಮೆಟ್ಟು ಹಗ್ಗ ಸೇರಿದ ಒಂದೇ ದರವನ್ನೂ, ‘ಇಬ್ಬರಿಲ್ಲದೆ ಗರಗಸವಿಲ್ಲ’ ಎಂಬ ಒಂದೇ ಕಟ್ಟಳೆಯನ್ನೂ ಮಾಡಿಕೊಳ್ಳಲಿ. ಗರಗಸದ ಬಳಕೆಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಡುವ ಕೆಲಸ ನಮಗಿರಲಿ. ಬಂದು ಕೇಳಿದವರಿಗೆ ಅಚ್ಚು ಹಾಕಿಸಿ ಕೊಡುತ್ತೇವೆ.